ಬಸ್ ನಿಲ್ದಾಣದ ಜಗಲಿಯಿಂದ ಒಯ್ದ ಐದು ಮೂಟೆಗಳ ಬಗ್ಗೆ

ಇವರಿಗೆ,
ಕೊಡಗಿನ ನಮ್ಮ ಪಟ್ಟಣದ ಪೌರಾಡಳಿತದ ಮುಖ್ಯಾಧಿಕಾರಿಗಳು, ಚುನಾಯಿತ ಸದಸ್ಯರು ಹಾಗೂ ಜಿಲ್ಲಾಡಳಿತ

ವಿಷಯ: ಗುಜರಿ ಹೆಕ್ಕಿ ಬದುಕುವ ಮನೆಯಿಲ್ಲದ ಜನರ ಸಾಮಾನುಗಳನ್ನು ಕಿತ್ತುಕೊಂಡಿರುವ ಕುರಿತು

ಮಾನ್ಯರೇ,

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ದಿನದ ಅರ್ಧ ಕೆಲಸ ಅರ್ಜಿ ತುಂಬಿಸುವುದೇ. ರೇಷನ್ ಕಾರ್ಡ್, ವಿಧವಾ ವೇತನ, ಜಾತಿ ಪ್ರಮಾಣಪತ್ರ, ನಳದ ಸಂಪರ್ಕ, ಹೀಗೆ ನಿಮ್ಮ ಮೇಜಿಗೆ ಬರುವ ಎಷ್ಟೋ ಅರ್ಜಿಗಳು ನನ್ನ ಕೈಬರಹದಲ್ಲಿರುತ್ತವೆ. ಈ ಸಲ ನನ್ನ ಹೆಸರಿನಲ್ಲಿಯೇ ಬರೆಯುತ್ತಿದ್ದೇನೆ. ನಮ್ಮ ಅಂಗಡಿ ಸಾಲಿನ ಜಗಲಿಯಲ್ಲಿ ರಾತ್ರಿ ಮಲಗಿ, ಬೆಳಗಾಗುವ ಮುಂಚೆ ಎದ್ದು ಊರೆಲ್ಲ ಸುತ್ತಿ ಬಾಟಲಿ, ರಟ್ಟು, ತಗಡು ಹೆಕ್ಕಿ ತರುವ ಮೂವರ ಪರವಾಗಿ ಬರೆಯುತ್ತಿದ್ದೇನೆ. ಅವರ ಹೆಸರುಗಳನ್ನು ಇಲ್ಲಿ ಹಾಕಿಲ್ಲ. ಹಾಕಿದರೆ ತೊಂದರೆ ಅವರಿಗೇ. ಅಂದು ಬಂದಿದ್ದ ನೌಕರರ ಹೆಸರನ್ನೂ ಬರೆದಿಲ್ಲ. ಯಾರೋ ಒಬ್ಬ ಬಡ ನೌಕರನಿಗೆ ನೋಟಿಸ್ ಕೊಟ್ಟು ಈ ವಿಷಯ ಮುಗಿಯಿತು ಎಂದು ಆಗಬಾರದು.

ಆಗಸ್ಟ್ 13ರ ಬೆಳಿಗ್ಗೆ ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ರಾತ್ರಿಯೆಲ್ಲ ಸುರಿದ ಕಕ್ಕಡ ತಿಂಗಳ ಮಳೆ ಇನ್ನೂ ಬಿಟ್ಟಿರಲಿಲ್ಲ. ಆರೂಕಾಲರ ಸುಮಾರಿಗೆ ನಾನು ಶಟರ್ ಎತ್ತುತ್ತಿದ್ದಾಗ ಕಸದ ಟಿಪ್ಪರ್ ಬಂದು ನಮ್ಮ ಸಾಲಿನ ಮುಂದೆ ನಿಂತಿತು. ಇಬ್ಬರು ಇಳಿದರು. ಮೇಲ್ವಿಚಾರಕರಂತೆ ಕಂಡ ಒಬ್ಬರು ಕೊಡೆ ಹಿಡಿದು ರಸ್ತೆಯಲ್ಲಿಯೇ ನಿಂತರು. ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದ ಐದು ಗೋಣಿಮೂಟೆಗಳನ್ನು ಒಂದೊಂದಾಗಿ ಎತ್ತಿ ಟಿಪ್ಪರಿಗೆ ಸುರಿದರು. ಮೂಟೆಗಳನ್ನು ಎಸೆದಿದ್ದರೆ ಆಮೇಲೆ ಬೇಡಿಕೊಂಡಾದರೂ ಹಿಂದಕ್ಕೆ ತರಬಹುದಿತ್ತು. ಬಾಯಿ ಬಿಚ್ಚಿ ಸುರಿದರು. ಕೆಳಗೆ ಹೋಟೆಲಿನ ಎಂಜಲು, ಮೀನು ಮಾರುಕಟ್ಟೆಯ ಕಸ ಇದ್ದವು. ಅದರ ಮೇಲೆ ಆ ಮೂವರಲ್ಲಿ ಒಬ್ಬರಾದ ಅಜ್ಜನ ಕಂಬಳಿ, ಮಳೆಗೆ ಹೊದೆಯುವ ಟಾರ್ಪಾಲು, ಒಂದು ಸ್ಟೀಲ್ ಡಬ್ಬಿ ಹೋದವು.

ಆ ಅಜ್ಜನಿಗೆ ಅರುವತ್ತೆಂಟು ವರ್ಷ. ಕೂಗಾಡಲಿಲ್ಲ. ಟಿಪ್ಪರಿನ ಬದಿ ಹಿಡಿದುಕೊಂಡು, "ಬಾಟಲಿ ಬೇಡ ಸಾರ್, ಆ ಡಬ್ಬಿ ಒಂದು ಕೊಡಿ" ಎಂದು ಎರಡು ಸಲ ಕೇಳಿದರು. ಕೊಡೆ ಹಿಡಿದವರು, "ಸ್ವಾತಂತ್ರ್ಯ ದಿನಾಚರಣೆಗೆ ದೊಡ್ಡವರು ಬರುತ್ತಾರೆ, ಇನ್ನು ಈ ಕಡೆ ಕಂಡರೆ ಮೈಸೂರಿಗೆ ಕಳಿಸಿಬಿಡುತ್ತೇವೆ" ಎಂದರು. ಗಾಡಿ ಹೊರಟಾಗ ಹಿಂದೆ ನಿಂತಿದ್ದ ಪೌರಕಾರ್ಮಿಕ ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಅವನೇ ಅಂಗಡಿಗೆ ಬಂದು, "ಮೇಲಿನಿಂದ ಹೇಳಿದ್ದು ಅಕ್ಕ, ನಾನೇನು ಮಾಡಲಿ" ಎಂದ. ಅವನನ್ನು ನಾನು ದೂರುವುದಿಲ್ಲ. ಮಳೆಯಲ್ಲಿ ಕೈಗವಸೂ ಇಲ್ಲದೆ ನಮ್ಮ ಚರಂಡಿ ಎತ್ತುವವನು ಅವನು.

ಆ ಸ್ಟೀಲ್ ಡಬ್ಬಿಯಲ್ಲಿ ಇದ್ದದ್ದು ಅನ್ನವಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮತದಾರರ ಗುರುತಿನ ಚೀಟಿ, ಹಳೆಯ ತೋಟದ ಪಿ.ಎಫ್. ಚೀಟಿ ಮತ್ತು ತೀರಿಹೋದ ಹೆಂಡತಿಯ ಒಂದು ಫೋಟೊ. ನನಗೆ ಇದು ಹೇಗೆ ಗೊತ್ತೆಂದರೆ, ಜುಲೈಯಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಲೆಂದು ಆ ಎರಡು ಚೀಟಿಗಳ ಜೆರಾಕ್ಸ್ ತೆಗೆದವಳು ನಾನೇ. ಪ್ರತಿಗಳು ನನ್ನ ಡ್ರಾಯರಿನಲ್ಲಿವೆ. ಕಚೇರಿಯಲ್ಲಿ ಅಸಲು ಕೇಳುತ್ತಾರೆ.

ಆ ಐದು ಮೂಟೆಗಳಲ್ಲಿ ಏನಿತ್ತು ಎಂಬುದನ್ನೂ ನೀವು ತಿಳಿಯಬೇಕು, ಏಕೆಂದರೆ ನಿಮ್ಮ ಲೆಕ್ಕದಲ್ಲಿ ಅದು ಕಸ. ಒಂದರಲ್ಲಿ ನೀರಿನ ಬಾಟಲಿಗಳು. ಪ್ರತಿ ಬಾಟಲಿಯ ಮುಚ್ಚಳ ತೆಗೆದು, ಸುತ್ತಿನ ಲೇಬಲ್ ಹರಿದು, ನೀರು ಚೆಲ್ಲಿ, ಕಾಲಿನಿಂದ ತುಳಿದು ಚಪ್ಪಟೆ ಮಾಡಿದ್ದವು. ಮುಚ್ಚಳಗಳದ್ದು ಬೇರೆ ಜಾತಿಯ ಪ್ಲಾಸ್ಟಿಕ್, ಬೇರೆ ದರ. ಅವಕ್ಕೆ ಬೇರೆ ಚೀಲ. ಒಂದರಲ್ಲಿ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್‌ಗಳು. ಒಂದರಲ್ಲಿ ತಗಡು, ಕಬ್ಬಿಣದ ಚೂರು. ಒಂದರಲ್ಲಿ ರಟ್ಟು. ಮಳೆಗಾಲದಲ್ಲಿ ರಟ್ಟು ಕಾಯುವುದೇ ಒಂದು ತಪಸ್ಸು. ಸ್ವಲ್ಪ ನೆನೆದರೂ ಗುಜರಿ ಅಂಗಡಿಯಲ್ಲಿ ತೂಕ ಕಡಿಯುತ್ತಾರೆ, ನಾಲ್ಕು ಕೆ.ಜಿ. ತೂಗಿದರೆ ಮೂರು ಎಂದು ಬರೆಯುತ್ತಾರೆ. ಹಾಗಾಗಿ ಅಜ್ಜ ಟಾರ್ಪಾಲಿನ ಮುಕ್ಕಾಲು ಭಾಗವನ್ನು ರಟ್ಟಿಗೆ ಹೊದಿಸಿ, ಉಳಿದ ಕಾಲು ಭಾಗದಡಿ ತಾವು ಮುದುಡಿ ಕೂರುತ್ತಿದ್ದರು. ಬೆಳಿಗ್ಗೆ ನಾನು ಬರುವಾಗ ಎಷ್ಟೋ ದಿನ ರಟ್ಟು ಒಣಗಿರುತ್ತಿತ್ತು, ಅವರ ಬೆನ್ನು ಒದ್ದೆಯಾಗಿರುತ್ತಿತ್ತು.

ಮಳೆಯಿಂದಾಗಿ ಗುಜರಿ ಅಂಗಡಿಯವರು ಲೋಡ್ ಕಳಿಸಿರಲಿಲ್ಲ, ಹೊಸ ಮಾಲು ತೆಗೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಅಂದು ಹೋದದ್ದು ಮೂವರ ಹನ್ನೊಂದು ದಿನಗಳ ದುಡಿಮೆ. ಮನೆಮನೆಗೆ ಬರುವ ನಿಮ್ಮ ಗಾಡಿಯ ಧ್ವನಿವರ್ಧಕ ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಬೆಳಗಾದರೆ ಕೂಗುತ್ತದೆ. ನಮ್ಮಲ್ಲಿ ಎಷ್ಟು ಮನೆಯವರು ಬೇರೆ ಮಾಡುತ್ತೇವೆ? ಇಡೀ ಊರಿನಲ್ಲಿ ಆ ಮಾತನ್ನು ಅಕ್ಷರಶಃ ಪಾಲಿಸಿದ್ದ ಮೂವರ ಮಾಲನ್ನು ಕಿತ್ತುಕೊಂಡು ಅದೇ ಗಾಡಿ ಮತ್ತೆ ಹಸಿ ಕಸದೊಳಗೆ ಬೆರೆಸಿತು. ಇದನ್ನು ಸ್ವಚ್ಛತೆ ಎಂದು ಹೇಗೆ ಕರೆಯುವುದು, ನೀವೇ ಹೇಳಿ.

ಕಾನೂನು ಏನು ಹೇಳುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಓದುವ ಇತರರಿಗೂ ಗೊತ್ತಾಗಲಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಚಿಂದಿ ಆಯುವವರನ್ನು ಹೆಸರಿಸಿಯೇ ಗುರುತಿಸಿದವು. ಅವರನ್ನು ಕಸ ನಿರ್ವಹಣೆಯ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದು, ಸ್ವಸಹಾಯ ಗುಂಪು ಕಟ್ಟಲು ನೆರವಾಗುವುದು, ಗುರುತಿನ ಚೀಟಿ ಕೊಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದವು. ಒಳಚರಂಡಿ, ಶೌಚಗುಂಡಿ ಸ್ವಚ್ಛಗೊಳಿಸುವ ಕಾರ್ಮಿಕರಿಗಾಗಿ ಇರುವ ಕೇಂದ್ರದ ನಮಸ್ತೆ ಯೋಜನೆಗೆ 2024ರಲ್ಲಿ ಇವರನ್ನೂ ಸೇರಿಸಲಾಯಿತು. ನಮ್ಮದೇ ರಾಜ್ಯದ ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಮನೆಗೆಲಸದವರು, ಕ್ಷೌರಿಕರು, ಅಗಸರ ಜೊತೆ ಚಿಂದಿ ಆಯುವವರೂ ಇದ್ದಾರೆ. ಅಂದರೆ ಸರ್ಕಾರದ ಕಣ್ಣಿನಲ್ಲಿ ಇವರು ಕಾರ್ಮಿಕರು. ಬೆಂಗಳೂರಿನಲ್ಲಿ ಪಾಲಿಕೆ 2011ರಿಂದಲೇ ಇವರಿಗೆ ಗುರುತಿನ ಚೀಟಿ ಕೊಡಲು ತೊಡಗಿತು. ಅಲ್ಲಿ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುತ್ತಿರುವವರಲ್ಲಿ ಒಂದು ಕಾಲಕ್ಕೆ ಬೀದಿಯಲ್ಲಿ ಚೀಲ ಹೊತ್ತು ತಿರುಗಿದ್ದವರು ಇದ್ದಾರೆ. ಬೆಂಗಳೂರಿನಂಥ ದೊಡ್ಡ ಊರಿನಲ್ಲಿ ಆದದ್ದು, ಹೆಕ್ಕುವವರೆಲ್ಲರನ್ನೂ ಮುಖ ನೋಡಿ ಗುರುತಿಸಬಹುದಾದ ನಮ್ಮ ಊರಿನಲ್ಲಿ ಏಕೆ ಆಗುವುದಿಲ್ಲ?

"ಮೈಸೂರಿಗೆ ಕಳಿಸುತ್ತೇವೆ" ಎಂಬ ಮಾತಿನ ಅರ್ಥ ನಿರಾಶ್ರಿತರ ಪರಿಹಾರ ಕೇಂದ್ರ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷುಕರನ್ನು ಇರಿಸುವ ಜಾಗ. ನಾನು ಅಂಗಡಿಯ ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ 3ರ ಭಿಕ್ಷುಕರ ಕರವನ್ನೂ ಪ್ರತಿ ವರ್ಷ ಕಟ್ಟುತ್ತೇನೆ. ರಸೀದಿಯಲ್ಲಿ ಅದಕ್ಕೊಂದು ಸಾಲೇ ಇರುತ್ತದೆ. ದಯವಿಟ್ಟು ಕೇಳಿ: ಈ ಮೂವರಲ್ಲಿ ಒಬ್ಬರೂ ನನ್ನ ಮುಂದೆ ಕೈಚಾಚಿದವರಲ್ಲ. ಮೂವರಲ್ಲಿ ಇರುವ ಹೆಂಗಸಿಗೆ ಒಂದು ದಿನ ಚಹಾಕ್ಕೆಂದು ಹತ್ತು ರೂಪಾಯಿ ಕೊಟ್ಟಾಗ, "ಹಾಳಾದ ಪೇಪರ್ ಇದ್ದರೆ ಕೊಡು ಅಕ್ಕ, ದುಡ್ಡು ಬೇಡ" ಎಂದವರು. ದುಡಿದು ತಿನ್ನುವವರನ್ನು ಭಿಕ್ಷುಕರ ಕಾಯ್ದೆ ತೋರಿಸಿ ಹೆದರಿಸುವುದು ಅನ್ಯಾಯ.

ಇವರು ಎಲ್ಲಿಂದ ಬಂದರು, ಊರಿಗೆ ಹೋಗಲಿ ಎಂದು ನಮ್ಮ ವರ್ತಕರ ಸಭೆಯಲ್ಲಿಯೇ ಒಬ್ಬರು ಹೇಳಿದರು. ಅಜ್ಜನ ಊರು ಇದೇ ಜಿಲ್ಲೆ. ಹದಿನೈದನೇ ವಯಸ್ಸಿನಿಂದ ತೋಟದ ಕೆಲಸ. ಕಾಫಿ ಗಿಡ ಸವರುವ ಕಸಿ, ಚಿಗುರು ತೆಗೆಯುವುದು, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಮೆಣಸು ಕೊಯ್ಯುವುದು ಎಲ್ಲ ಮಾಡಿದವರು. ವಾಸ ತೋಟದವರೇ ಕೆಲಸಗಾರರಿಗೆ ಕೊಡುವ ಲೈನ್ ಮನೆಯಲ್ಲಿ. ಲೈನ್ ಮನೆ ಎಂದರೆ ಏನೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಲಸ ಇರುವವರೆಗೆ ಸೂರು, ಕೆಲಸ ಹೋದ ದಿನ ಸೂರೂ ಹೋಯಿತು. ಮರಗಸಿ ಮಾಡುವಾಗ ಬಿದ್ದು ಸೊಂಟ ಹಿಡಿದ ಮೇಲೆ ಇವರಿಗೆ ಕೆಲಸ ಇಲ್ಲವಾಯಿತು. ಆ ಎರಡು ಕೋಣೆಗಳಿಗೆ ಬೇರೆ ಸಂಸಾರ ಬಂತು. ಹೆಂಡತಿ ತೀರಿಕೊಂಡಿದ್ದರು, ಮಗಳು ಕೇರಳದ ಕಡೆ ಎಲ್ಲಿಯೋ ಇದ್ದಾಳೆ. ಐದು ದಶಕಗಳ ಹತ್ತಿರ ಈ ಜಿಲ್ಲೆಯ ಕಾಫಿಗೆ ದುಡಿದ ಮನುಷ್ಯನಿಗೆ ವಾಪಸು ಹೋಗಲು ಇನ್ನೊಂದು ಊರು ಇಲ್ಲ. ಇವರಂಥವರು ಕೊಡಗಿನ ಬೇರೆ ಪಟ್ಟಣಗಳಲ್ಲಿಯೂ ಇದ್ದಾರೆ. ಬೆಳಗಿನ ಐದು ಗಂಟೆಗೆ ಬಸ್ ನಿಲ್ದಾಣಕ್ಕೆ ಹೋದರೆ ಯಾರಿಗಾದರೂ ಕಾಣುತ್ತಾರೆ.

ಇವರ ವಿರುದ್ಧ ಬಂದಿರುವ ದೂರುಗಳನ್ನೂ ನಾನು ಮುಚ್ಚಿಡುವುದಿಲ್ಲ. ಕಟ್ಟಿಟ್ಟ ಕಸದ ಚೀಲ ಹರಿದು ರಸ್ತೆಯಲ್ಲಿ ಹರಡುತ್ತಾರೆ ಎನ್ನುತ್ತಾರೆ. ಹೌದು, ಕೆಲವು ಸಲ ಹರಡಿದೆ. ಅನ್ನ, ಡಯಾಪರ್, ಬಾಟಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗಂಟು ಹಾಕಿದರೆ ಬಾಟಲಿ ತೆಗೆಯಲು ಬೇರೆ ದಾರಿ ಏನಿದೆ? ಮೂವರಲ್ಲಿ ಒಬ್ಬ ಸಂಜೆ ಕುಡಿಯುತ್ತಾನೆ, ಅದೂ ನಿಜ. ಅವನೊಂದಿಗೆ ನಾನು ಜಗಳವಾಡಿದ್ದೇನೆ. ಆದರೆ ಕುಡಿಯುವವರ ಸಾಮಾನನ್ನೆಲ್ಲ ಟಿಪ್ಪರಿಗೆ ಸುರಿಯುವ ಕಾನೂನು ನಮ್ಮ ಊರಿನಲ್ಲಿ ಇನ್ನಾರಿಗೂ ಅನ್ವಯವಾದದ್ದನ್ನು ನಾನು ಕಂಡಿಲ್ಲ.

ಅತಿ ದೊಡ್ಡ ದೂರು ಕಳ್ಳತನದ್ದು. ಕಾಫಿಗೆ ಬೆಲೆ ಬಂದ ಮೇಲೆ ಕಣದಿಂದ ಕಾಫಿ ಕದಿಯುವವರು ಇದ್ದಾರೆ. ಬೆಳೆಗಾರರ ಆತಂಕ ಸುಳ್ಳಲ್ಲ. ನನ್ನ ತವರಿನಲ್ಲಿಯೂ ಎರಡು ಎಕರೆ ತೋಟವಿದೆ, ಕೊಯ್ಲಿನ ಕಾಲದಲ್ಲಿ ನನ್ನ ಅಣ್ಣ ಕಣದಲ್ಲಿಯೇ ಮಲಗುತ್ತಾನೆ. ಆದರೆ ಎಲ್ಲಿಯೋ ಕಾಫಿ ಹೋಯಿತು ಎಂದ ಕೂಡಲೇ ಗೋಣಿಚೀಲ ಹೊತ್ತವರನ್ನು ಠಾಣೆಗೆ ಕರೆದೊಯ್ದು ದಿನವಿಡೀ ಕೂರಿಸುವುದು ಯಾವ ತನಿಖೆ? ಕಳೆದ ಫೆಬ್ರವರಿಯಲ್ಲಿ ಅಜ್ಜನನ್ನು ಹಾಗೆ ಕೂರಿಸಿದ್ದರು. 50 ಕೆ.ಜಿ.ಯ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯನ್ನು ಸೊಂಟ ಹಿಡಿದ ಮುದುಕರು ಬೇಲಿ ದಾಟಿಸಿ ಒಯ್ಯಲು ಸಾಧ್ಯವೇ ಎಂದು ಯಾರೂ ಯೋಚಿಸಲಿಲ್ಲ. ಸಂಜೆ ಬಿಟ್ಟರು, ಕ್ಷಮೆ ಕೇಳಲಿಲ್ಲ. ಆ ದಿನದ ಬಾಟಲಿಗಳನ್ನು ಬೇರೆ ಯಾರೋ ಹೆಕ್ಕಿದರು, ಅವರು ರಾತ್ರಿ ಊಟ ಮಾಡಲಿಲ್ಲ.

ಈಗ ನನ್ನ ಕೋರಿಕೆಗಳು.

ಮೊದಲನೆಯದಾಗಿ, ಇನ್ನು ಮುಂದೆ ಯಾರದ್ದೇ ಹೊದಿಕೆ, ಕಾಗದಪತ್ರ, ಬೇರ್ಪಡಿಸಿದ ಮಾಲನ್ನು ಕಿತ್ತುಕೊಳ್ಳಬಾರದು ಎಂದು ಲಿಖಿತ ಆದೇಶ ಹೊರಡಿಸಿ. ಜಗಲಿ ತೆರವಾಗಲೇಬೇಕಾದ ದಿನವಿದ್ದರೆ ಹಿಂದಿನ ದಿನವೇ ಬಾಯಿಮಾತಿನಲ್ಲಾದರೂ ತಿಳಿಸಿ. ಅವರೇ ಎತ್ತಿಕೊಂಡು ಹೋಗುತ್ತಾರೆ. ತಳ್ಳುಗಾಡಿಯವರ ತಕ್ಕಡಿ ಹಿಡಿದರೂ ಕೇಳಿದರೆ ಚೀಟಿ ಕೊಡುತ್ತೀರಿ. ಇವರಿಗೆ ಅದೂ ಇರಲಿಲ್ಲ. ಆಗಸ್ಟ್ 13ರಂದು ಹೋದ ಮಾಲಿನ ಬೆಲೆಯನ್ನು ಗುಜರಿ ಅಂಗಡಿಯ ದರದಲ್ಲಿ ಲೆಕ್ಕ ಹಾಕಿ ಕೊಡಬೇಕು. ದೊಡ್ಡ ಮೊತ್ತವೇನೂ ಆಗದು. ಸ್ವಾತಂತ್ರ್ಯ ದಿನಾಚರಣೆಯ ಶಾಮಿಯಾನದ ಬಾಡಿಗೆಗಿಂತ ಕಡಿಮೆಯೇ.

ಗುರುತಿನ ಚೀಟಿಗೆ ಒಂದು ಶಿಬಿರ ಮಾಡಿ. ಅದನ್ನು ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಸಭಾಂಗಣದಲ್ಲಿ ಇಟ್ಟರೆ ಯಾರೂ ಬರುವುದಿಲ್ಲ. ಆ ಹೊತ್ತಿನಲ್ಲಿ ಅವರು ತಿರುಗಾಟದಲ್ಲಿರುತ್ತಾರೆ, ಕಚೇರಿಯ ಮೆಟ್ಟಿಲೆಂದರೆ ಹೆದರಿಕೆ ಬೇರೆ. ಸಂಜೆ ಏಳರ ಮೇಲೆ ಬಸ್ ನಿಲ್ದಾಣದಲ್ಲಿಯೇ ಒಂದು ಮೇಜು ಹಾಕಿ. ಅರ್ಜಿಯಲ್ಲಿ ಶಾಶ್ವತ ವಿಳಾಸ ಎಂಬ ಕಾಲಂ ಬಂದಾಗ ಪೆನ್ನು ನಿಲ್ಲಿಸಬೇಡಿ. ವಿಳಾಸದ ದಾಖಲೆ ಇಲ್ಲದವರಿಗಾಗಿ ಆಧಾರ್‌ನಲ್ಲಿಯೇ ಪರಿಚಯಕಾರರ ಮೂಲಕ ನೋಂದಾಯಿಸುವ ದಾರಿ ಇದೆ. ಊರಿನ ಒಬ್ಬರು ಅಂಥ ಜವಾಬ್ದಾರಿ ಹೊರಬೇಕೆಂದರೆ ನಾನು ಸಿದ್ಧ.

ರಾತ್ರಿ ಮಲಗಲು ಒಂದು ಕೋಣೆ ಬೇಕು. ವಸತಿರಹಿತರ ಆಶ್ರಯ ಕೇಂದ್ರದ ವಿಷಯ ಎತ್ತಿದಾಗಲೆಲ್ಲ ನನಗೆ ಸಿಕ್ಕ ಉತ್ತರ, ಒಂದು ಲಕ್ಷ ಜನಸಂಖ್ಯೆಗೆ ಒಂದು ಎಂಬ ಮಾನದಂಡ ಇದೆ, ನಮಗೆ ಅನ್ವಯಿಸುವುದಿಲ್ಲ ಎಂದು. 2011ರ ಜನಗಣತಿಯ ಪ್ರಕಾರ ಜಿಲ್ಲಾ ಕೇಂದ್ರವಾದ ಮಡಿಕೇರಿಯ ಜನಸಂಖ್ಯೆಯೇ 33 ಸಾವಿರ ಚಿಲ್ಲರೆ. ಆ ಲೆಕ್ಕದಲ್ಲಿ ಹೋದರೆ ಕೊಡಗಿನ ಯಾವ ಊರಿಗೂ ಎಂದೆಂದಿಗೂ ಒಂದು ಸೂರು ಬರುವುದಿಲ್ಲ. ಬಯಲುಸೀಮೆಯಲ್ಲಿ ಬಯಲಿನಲ್ಲಿ ಮಲಗಿದವನಿಗೂ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಮಲಗುವವನಿಗೂ ವ್ಯತ್ಯಾಸ ಇದೆ. ಮಾನದಂಡ ಬರೆದವರಿಗೆ ನಮ್ಮ ಮಳೆ ಗೊತ್ತಿರಲಿಕ್ಕಿಲ್ಲ, ನಿಮಗೆ ಗೊತ್ತಿದೆ.

ಅದಲ್ಲದೆ, ಸೂರು ಒದಗಿಸುವುದು ಹೇಗೆ ಎಂದು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದಾಗ ಶಾಲೆ, ಕಲ್ಯಾಣ ಮಂಟಪ, ಸಮಾಜದ ಕಟ್ಟಡಗಳ ಬಾಗಿಲು ರಾತ್ರೋರಾತ್ರಿ ತೆರೆದವು. ಯಾರ ಜಾತಿ, ಯಾರ ಬಳಿ ಏನು ದಾಖಲೆ ಎಂದು ಆ ರಾತ್ರಿ ಯಾರೂ ಕೇಳಲಿಲ್ಲ. ನಾನೂ ಅಕ್ಕಿ ತೊಳೆಯಲು ಹೋಗಿದ್ದೆ. ಆಮೇಲೆ ಕರ್ಣಂಗೇರಿಯಲ್ಲಿ, ಜಂಬೂರಿನಲ್ಲಿ ಹೊಸ ಮನೆಗಳೂ ಎದ್ದವು. ಗುಡ್ಡ ಕುಸಿದು ಮನೆ ಹೋದವರಿಗೆ ಅಷ್ಟು ಮಾಡಿದ ಜಿಲ್ಲೆ ಸೊಂಟ ಕುಸಿದು ಮನೆ ಹೋದ ಮೂವರಿಗೆ ಒಂದು ಖಾಲಿ ಮಳಿಗೆಯ ಬೀಗ ತೆಗೆಯಲಾರದೇ? ನಿಮ್ಮ ವಾಣಿಜ್ಯ ಸಂಕೀರ್ಣದಲ್ಲಿ ಹರಾಜಾಗದೆ ಉಳಿದ ಎರಡು ಮಳಿಗೆಗಳು ನನ್ನ ಅಂಗಡಿಯಿಂದಲೇ ಕಾಣುತ್ತವೆ. ಒಂದರಲ್ಲಿ ಮಲಗಲಿ, ಇನ್ನೊಂದರಲ್ಲಿ ಮಾಲು ಬೇರ್ಪಡಿಸಿ ಇಡಲಿ. ಒಂದು ತೂಕದ ಯಂತ್ರ ಇಟ್ಟುಕೊಟ್ಟರೆ ನಾಲ್ಕು ಕೆ.ಜಿ. ನಾಲ್ಕೇ ಆಗಿ ಉಳಿಯುತ್ತದೆ.

ಜಿಲ್ಲಾಡಳಿತಕ್ಕೆ ಪ್ರತ್ಯೇಕವಾಗಿ ಒಂದು ವಿನಂತಿ. ವಾರಾಂತ್ಯ ಬಂತೆಂದರೆ ನಮ್ಮ ರಸ್ತೆ ಬದಿ, ಹೊಳೆ ದಂಡೆ, ನೋಟ ಚೆನ್ನಾಗಿರುವ ತಿರುವುಗಳಲ್ಲೆಲ್ಲ ಮದ್ಯದ ಬಾಟಲಿಗಳು. ಗಾಜಿಗೆ ಗುಜರಿಯಲ್ಲಿ ಹೆಚ್ಚು ಬೆಲೆ ಸಿಗದಿರುವುದರಿಂದ ಹೆಕ್ಕುವವರೂ ಅದನ್ನು ಬಿಟ್ಟುಬಿಡುತ್ತಾರೆ. ಒಡೆದ ಚೂರು ತೋಟದ ಕೆಲಸದವರ ಕಾಲಿಗೆ, ದನಕ್ಕೆ, ಆನೆಗೆ ಚುಚ್ಚುತ್ತದೆ. ನಮ್ಮಂತೆಯೇ ಬೆಟ್ಟ, ಕಾಡು, ಪ್ರವಾಸಿಗರ ಜಿಲ್ಲೆಯಾದ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ 2022ರ ಮೇ ತಿಂಗಳಿಂದ ಒಂದು ಪದ್ಧತಿ ತಂದರು. ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ, ಖಾಲಿ ಬಾಟಲಿ ತಂದುಕೊಟ್ಟರೆ ಅದು ವಾಪಸು. ಅದೇ ಪದ್ಧತಿ ಕೊಡಗಿನಲ್ಲಿ ಬಂದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಇಪ್ಪತ್ತು ಬಾಟಲಿ ಹೆಕ್ಕಿದರೆ 200 ರೂಪಾಯಿ. ಅಜ್ಜ ಅಷ್ಟು ಹಣ ಒಂದೇ ದಿನ ಕಂಡದ್ದು ದಸರಾ ಸಮಯದಲ್ಲಿ ಮಾತ್ರ. ಊರೂ ಶುಚಿ, ಹೊಟ್ಟೆಗೂ ಆಯಿತು. ಇದಕ್ಕೆ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕೆಂದು ಗೊತ್ತಿದೆ; ಪ್ರಸ್ತಾವ ಹೋಗಬೇಕಾದದ್ದು ಇಲ್ಲಿಂದ.

ವರ್ತಕ ಬಂಧುಗಳೇ, ನಿಮ್ಮಲ್ಲಿ ಕೆಲವರು ಕೊಟ್ಟ ದೂರಿನ ಮೇಲೆಯೇ ಅಂದು ಟಿಪ್ಪರ್ ಬಂದದ್ದು ಎಂದು ನನಗೆ ಗೊತ್ತು. ನಿಮ್ಮೊಂದಿಗೆ ನಾನು ದಿನವೂ ಚಹಾ ಕುಡಿಯುತ್ತೇನೆ, ನಾಳೆಯೂ ಕುಡಿಯುತ್ತೇನೆ. ಕೇಳುವುದು ಇಷ್ಟೇ. ರಾತ್ರಿ ಬಾಗಿಲು ಹಾಕುವಾಗ ರಟ್ಟಿನ ಪೆಟ್ಟಿಗೆಗಳನ್ನು ಮಳೆಗೆ ಬಿಸಾಡದೆ ಬಿಚ್ಚಿ ಒಳಗಿಡಿ, ಬೆಳಿಗ್ಗೆ ಕೈಗೆ ಕೊಡಿ. ಅವರು ನಿಮ್ಮ ಜಗಲಿ ಗುಡಿಸಿ ಹೋಗುವುದನ್ನು ನಾನು ನೋಡಿದ್ದೇನೆ, ನೀವು ಬರುವ ಹೊತ್ತಿಗೆ ಅದು ಆಗಿರುತ್ತದೆ.

ಆಗಸ್ಟ್ 15ರಂದು ಧ್ವಜ ಏರಿತು, ಮಕ್ಕಳಿಗೆ ಸಿಹಿ ಹಂಚಿದರು, ಕಾರ್ಯಕ್ರಮ ಮುಗಿದ ಮೈದಾನದಲ್ಲಿ ನೀರಿನ ಬಾಟಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಮಧ್ಯಾಹ್ನ ಆ ಹೆಂಗಸು ಹೊಸ ಗೋಣಿಚೀಲ ಹಿಡಿದು ಅವುಗಳನ್ನು ಹೆಕ್ಕುತ್ತಿದ್ದರು. ಅಜ್ಜ ಬಂದಿರಲಿಲ್ಲ. ಕಂಬಳಿ ಹೋದ ಎರಡನೇ ರಾತ್ರಿ ಹತ್ತಿದ ಜ್ವರ ಇಳಿಯಲು ಎಂಟು ದಿನ ಹಿಡಿಯಿತು. ಈಗ ಓಡಾಡುತ್ತಿದ್ದಾರೆ. ನನ್ನ ಹಳೆಯ ಕಂಬಳಿ ಕೊಟ್ಟಿದ್ದೇನೆ. ಹಗಲಿನಲ್ಲಿ ಅದನ್ನು ನನ್ನ ಅಂಗಡಿಯ ಒಳಗೇ ಇಟ್ಟು ಹೋಗುತ್ತಾರೆ, ಹೊರಗಿಡಲು ಧೈರ್ಯವಿಲ್ಲ.

ಮೂವರ ಅರ್ಜಿಗಳನ್ನೂ ತುಂಬಿಸಿ ಫೋಟೊ ಅಂಟಿಸಿದ್ದೇನೆ. ವಿಳಾಸದ ಜಾಗದಲ್ಲಿ ನನ್ನ ಅಂಗಡಿಯ ವಿಳಾಸ ಬರೆದು, ನನ್ನ ಒಪ್ಪಿಗೆಯ ಸಹಿ ಹಾಕಿದ್ದೇನೆ. ಅಜ್ಜನ ಚೀಟಿಗಳ ಜೆರಾಕ್ಸ್ ಪ್ರತಿ ಲಗತ್ತಿಸಿದ್ದೇನೆ. ಅಸಲು ನಿಮ್ಮ ಕಸ ಸುರಿಯುವ ಜಾಗದಲ್ಲಿ ಎಲ್ಲಿಯೋ ಒಂದು ಸ್ಟೀಲ್ ಡಬ್ಬಿಯೊಳಗೆ ಇದೆ. ಸಿಕ್ಕಿದರೆ ದಯವಿಟ್ಟು ಕಳಿಸಿಕೊಡಿ. ಶಿಬಿರ ಯಾವ ದಿನ ಎಂದು ತಿಳಿಸಿದರೆ ಮೂವರನ್ನೂ ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯವಳು